ಕಲ್ಲಿನ ಮೇಲಿನ ಜರೀಗಿಡ: ರಾಯಚೂರಿನ ಶಿಲೆಗಳಲ್ಲಿ ಜೀವದ ಮೊದಲ ಗುರುತು ಸಿಕ್ಕೀತೆ?

ದೇವದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕರೊಡನೆ ಮಾತನಾಡಲು ಹೋಗಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಕಲ್ಲಿನ ತುಂಡನ್ನು ತಂದು ಮೇಜಿನ ಮೇಲಿಟ್ಟ. ಮನೆಗೆ ನೆಲಹಾಸು ಹಾಕಿಸುವಾಗ ಒಡೆದು ಉಳಿದಿದ್ದ ಶಹಾಬಾದ್ ಕಲ್ಲು ಅದು. ಬೂದುಬಣ್ಣದ ಆ ಮೈಮೇಲೆ ಕಪ್ಪು ಮಸಿಯಲ್ಲಿ ಬರೆದಂತೆ ಒಂದು ಪುಟ್ಟ ಜರೀಗಿಡ: ಕಾಂಡ, ಕಾಂಡಕ್ಕೆ ಕವಲು, ಕವಲಿಗೆ ಮರಿಕವಲು. "ಸರ್, ಇದು ಕೋಟಿ ವರ್ಷದ ಹಿಂದಿನ ಗಿಡದ ಪಳೆಯುಳಿಕೆ ಅಲ್ಲವೆ?" ಎಂದು ಕೇಳಿದ. ಶಿಕ್ಷಕರಲ್ಲಿಯೂ ಹೆಚ್ಚಿನವರು ಹೌದೆಂದೇ ತಲೆಯಾಡಿಸಿದರು. ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ಅದು ಗಿಡವಲ್ಲ. ಸುಣ್ಣಕಲ್ಲಿನ ಪದರಗಳ ನಡುವಿನ ಕೂದಲೆಳೆಯಷ್ಟು ತೆಳುವಾದ ಬಿರುಕಿನೊಳಗೆ ಮ್ಯಾಂಗನೀಸ್ ಕರಗಿದ ನೀರು ಇಳಿಯುತ್ತದೆ. ಆಮ್ಲಜನಕ ತಗುಲಿದಲ್ಲಿ ಮ್ಯಾಂಗನೀಸ್ ಆಕ್ಸೈಡಾಗಿ ಕಪ್ಪಗೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಕಣದ ಚೂಪಾದ ತುದಿಗೆ ಹೊಸ ದ್ರಾವಣ ಬೇಗ ತಲುಪುತ್ತದೆ. ತುದಿ ಇನ್ನಷ್ಟು ಬೆಳೆಯುತ್ತದೆ. ಬೆಳೆದ ತುದಿ ಮತ್ತೆ ಕವಲೊಡೆಯುತ್ತದೆ. ಭೂವಿಜ್ಞಾನಿಗಳು ಇದನ್ನು ಡೆಂಡ್ರೈಟ್ ಎನ್ನುತ್ತಾರೆ. ಕನ್ನಡದಲ್ಲಿ ಶಾಖಾಸ್ಫಟಿಕ ಎಂದರೆ ಆದೀತು. ಕೈಮಸೂರ ಹಿಡಿದು ನೋಡಿದರೆ ಎಲೆಯ ನಾಳವೂ ಇಲ್ಲ, ಜೀವಕೋಶದ ಗೋಡೆಯೂ ಇಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡಿನ ಒಂದು ತೊಟ್ಟು ಹಾಕಿದರೆ ಕಪ್ಪು ಗೆರೆಯ ಮೇಲೆ ಮಾತ್ರ ಸಣ್ಣ ಗುಳ್ಳೆಗಳು ಏಳುತ್ತವೆ. ಮ್ಯಾಂಗನೀಸ್ ಆಕ್ಸೈಡು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ವೇಗವರ್ಧಕ. ಆದರೆ ಶಿಕ್ಷಕರು ಇಲ್ಲೊಂದು ಎಚ್ಚರ ವಹಿಸಬೇಕು. ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಅದೇ ತೊಟ್ಟನ್ನು ಹಾಕಿದರೂ ನೊರೆ ಬರುತ್ತದೆ. ಅಲ್ಲಿ ಕೆಲಸ ಮಾಡುವುದು ಜೀವಕೋಶದ ಕಿಣ್ವವಾದ ಕೆಟಲೇಸ್. ಒಂದೇ ನೊರೆ, ಒಂದು ಖನಿಜದಿಂದ, ಇನ್ನೊಂದು ಜೀವಿಯಿಂದ. ಆದ್ದರಿಂದ ನೊರೆಯೊಂದನ್ನೇ ನಂಬುವಂತಿಲ್ಲ, ಮಸೂರವೂ ಬೇಕು.

ಹುಡುಗನಿಗೆ ನಿರಾಸೆಯಾಯಿತು. ಆದರೂ ಬಿಡದೆ ಎರಡನೆಯ ಪ್ರಶ್ನೆ ಹಾಕಿದ: "ಹಾಗಾದರೆ ನಮ್ಮ ಕಡೆ ಎಲ್ಲಿಯಾದರೂ ನಿಜವಾದ ಮೊದಲ ಜೀವದ ಗುರುತು ಇದೆಯೆ?" ಈ ಲೇಖನ ಆ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು.

ರಾಯಚೂರಿನಿಂದಲೇ ಹೊರಡೋಣ. ನಗರದ ಕೋಟೆಗೋಡೆಯಲ್ಲಿ 1294ರ ಶಾಸನ ಕೊರೆದ, ನಲವತ್ತು ಅಡಿಗೂ ಮೀರಿದ ಉದ್ದನೆಯ ಒಂದೇ ಕಲ್ಲಿದೆ. ಕೋಟೆಯ ಬೆಟ್ಟ, ಮಾನ್ವಿಯ ಗುಡ್ಡ, ದೇವದುರ್ಗದ ಸುತ್ತಣ ಬಂಡೆರಾಶಿ, ಇವೆಲ್ಲ ಬಹುಪಾಲು ಕಣಶಿಲೆ, ಅಂದರೆ ಗ್ರಾನೈಟ್ ಮತ್ತು ಅದರ ಬಳಗದ ಶಿಲೆಗಳು. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಕವಿತಾಳದ ಹೆಸರನ್ನೇ ಅಲ್ಲಿನ ಒಂದು ಕಣಶಿಲೆಗೆ ಇಡಲಾಗಿದೆ. ಆ ಶಿಲೆಯೊಳಗಿನ ಜಿರ್ಕಾನ್ ಎಂಬ ಪುಟಾಣಿ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿ ಮಾರ್ಪಟ್ಟಿದೆ ಎಂದು ಅಳೆದು ಅದರ ವಯಸ್ಸು ಸುಮಾರು 254 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಕವಿತಾಳದ ಶಿಲೆ ಹೆಪ್ಪುಗಟ್ಟುವಾಗ ಗಾಳಿಯಲ್ಲಿ ಉಸಿರಾಡುವಷ್ಟು ಆಮ್ಲಜನಕವೇ ಇರಲಿಲ್ಲ. ಅದು ವಾತಾವರಣದಲ್ಲಿ ನೆಲೆಯಾಗಿ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ.

ಇಷ್ಟು ಹಳೆಯ ಶಿಲೆಯಾದರೂ ಜೀವದ ಗುರುತು ಹುಡುಕಲು ಕಣಶಿಲೆ ತಕ್ಕ ಜಾಗವಲ್ಲ. ಅದು ಭೂಮಿಯ ಆಳದಲ್ಲಿ 700 ಡಿಗ್ರಿ ಸೆಲ್ಸಿಯಸ್‌ಗೆ ಸಮೀಪದ ಅಥವಾ ಅದಕ್ಕೂ ಮೀರಿದ ಬಿಸಿಯಲ್ಲಿ ಕರಗಿದ್ದ ಶಿಲಾಪಾಕ ಆರಿ ಆದದ್ದು. ಇಂದು ತಿಳಿದಿರುವಂತೆ ಜೀವಿಯೊಂದು ಬೆಳೆಯಬಲ್ಲ ಅತಿ ಹೆಚ್ಚಿನ ಬಿಸಿ 122 ಡಿಗ್ರಿ. ಸಮುದ್ರತಳದ ಬಿಸಿಬುಗ್ಗೆಯ ಒಂದು ಸೂಕ್ಷ್ಮಜೀವಿಯ ದಾಖಲೆ ಅದು. ಕರಗಿದ ಕಲ್ಲಿನಲ್ಲಿ ಪಳೆಯುಳಿಕೆ ಹುಡುಕುವುದು ಕುಲುಮೆಯಲ್ಲಿ ಕಾಗದ ಹುಡುಕಿದಂತೆ.

ಹಾಗಾದರೆ ಇನ್ನೊಂದು ಬಗೆಯ ಶಿಲೆಗೆ ಹೋಗಬೇಕು. ಅದು ರಾಯಚೂರು ಜಿಲ್ಲೆಯಲ್ಲಿ ಚಿನ್ನದಿಂದಾಗಿ ಹೆಸರಾದದ್ದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ, ದೇವದುರ್ಗ ತಾಲ್ಲೂಕಿನ ಊಟಿ, ಈ ಗಣಿಗಳು ಹಟ್ಟಿ-ಮಸ್ಕಿ ಹಸುರುಶಿಲಾ ಪಟ್ಟಿಯಲ್ಲಿವೆ. ಸುತ್ತಲಿನ ಕಣಶಿಲೆಯ ನಡುವೆ ಕಪ್ಪು-ಹಸುರು ಶಿಲೆಗಳ ಬಾಗಿದ ಪಟ್ಟಿ ಅದು. ಇವು ಮೂಲದಲ್ಲಿ ಬಸಾಲ್ಟ್ ಲಾವಾ. ಕೆಲವೆಡೆ ಲಾವಾ ದಿಂಬುಗಳ ಆಕಾರದಲ್ಲಿ ಒಂದರ ಮೇಲೊಂದು ಪೇರಿಸಿದಂತಿದೆ. ಬಿಸಿ ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಹೊರಮೈ ತಟ್ಟನೆ ಆರಿ ಚಿಪ್ಪಾಗುತ್ತದೆ, ಒಳಗಿನದು ಒತ್ತಿ ಮತ್ತೊಂದು ದಿಂಬಾಗಿ ಹೊರಬರುತ್ತದೆ. ದಿಂಬು ಲಾವಾ ಕಂಡಲ್ಲಿ ಹಿಂದೆ ನೀರಿತ್ತು ಎಂದು ಧೈರ್ಯವಾಗಿ ಹೇಳಬಹುದು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂಥದೇ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಶಾಲಾ ಪ್ರವಾಸಕ್ಕೆ ಜಲಪಾತವನ್ನೇ ಆರಿಸುವವರು ಒಮ್ಮೆ ಅಲ್ಲಿಗೂ ಹೋಗಿಬರಬಾರದೇಕೆ?

ಈಗ ಬಿಸಿಲಿಗೆ ಹೆಸರಾದ ಈ ನೆಲದ ಒಂದು ಪಟ್ಟಿ ಹೀಗೆ ಒಮ್ಮೆ ಸಮುದ್ರತಳವಾಗಿತ್ತು. ಬರೀ ಸಮುದ್ರತಳವಲ್ಲ, ಕೆಳಗೆ ಬಿಸಿ ಶಿಲೆ, ಮೇಲೆ ತಣ್ಣೀರು ಇದ್ದ ತಳ. ಇಂಥ ಕಡೆ ನೀರು ಬಿರುಕಿನಲ್ಲಿ ಇಳಿದು, ಕಾದು, ಖನಿಜಗಳನ್ನು ಕರಗಿಸಿಕೊಂಡು ಬುಗ್ಗೆಯಾಗಿ ಏಳುತ್ತದೆ. 1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ಬಳಿ ಇಂಥ ಬುಗ್ಗೆಗಳು ಕಂಡವು. ಬಿಸಿಲೇ ಕಾಣದ ಆ ಆಳದಲ್ಲಿ ರಾಸಾಯನಿಕ ಶಕ್ತಿಯಿಂದ ಬದುಕುವ ಜೀವಿಸಮೂಹ ಸಿಕ್ಕ ಮೇಲೆ, ಜೀವ ಮೊದಲು ಹುಟ್ಟಿದ್ದು ಅಲ್ಲಿಯೇ ಇರಬಹುದೆ ಎಂಬ ಊಹೆಗೆ ಬಲ ಬಂತು. 2000ದಲ್ಲಿ ಅಟ್ಲಾಂಟಿಕ್‌ನಲ್ಲಿ ಕಂಡ 'ಲಾಸ್ಟ್ ಸಿಟಿ' ಎಂಬ ಬುಗ್ಗೆಗಳಲ್ಲಿ ನೀರು ಮತ್ತು ಶಿಲೆಯ ಕ್ರಿಯೆಯಿಂದಲೇ ಹೈಡ್ರೋಜನ್ ಹುಟ್ಟುತ್ತದೆ. ಹೈಡ್ರೋಜನ್, ಇಂಗಾಲದ ಡೈ ಆಕ್ಸೈಡ್, ಕಬ್ಬಿಣ-ಗಂಧಕದ ಖನಿಜ, ಇಷ್ಟಿದ್ದರೆ ಸರಳ ಜೀವರಸಾಯನಕ್ಕೆ ಬೇಕಾದ ಒಲೆ ಸಿದ್ಧವಾದಂತೆ.

ಆದರೆ ಹಟ್ಟಿಯ ಶಿಲೆಗಳು ಮೊದಲ ಜೀವದ ಸಾಕ್ಷಿಗಳಲ್ಲ. ಇದಕ್ಕೆ ಎರಡು ಕಾರಣಗಳಿವೆ. ಒಂದು, ಅವು ತಡವಾಗಿ ಬಂದವು. ಅಲ್ಲಿನ ಜ್ವಾಲಾಮುಖಿ ಶಿಲೆಯೊಂದರ ವಯಸ್ಸು ಸುಮಾರು 258 ಕೋಟಿ ವರ್ಷ. ಆ ಹೊತ್ತಿಗೆ ಭೂಮಿಯ ಮೇಲೆ ಜೀವ ಬಂದು ತೊಂಬತ್ತು ಕೋಟಿ ವರ್ಷಕ್ಕಿಂತ ಹೆಚ್ಚೇ ಆಗಿತ್ತು. ಇನ್ನೊಂದು, ಅವು ಆಮೇಲೆ ಬೆಂದವು. ಪಕ್ಕದಲ್ಲಿ ಕಣಶಿಲೆಗಳು ನುಗ್ಗಿದಾಗ, ನೆಲ ಮಡಿಸಿದಾಗ, ಆ ಲಾವಾ 500 ಡಿಗ್ರಿಗೂ ಮೇಲೆ ಕಾಯ್ದು ರೂಪಾಂತರ ಶಿಲೆಯಾಯಿತು. ಇದೇ ಬಿಸಿನೀರು ಬಿರುಕುಗಳಲ್ಲಿ ಚಿನ್ನವನ್ನು ತಂದಿಟ್ಟಿತು. ಚಿನ್ನ ಕೊಟ್ಟ ಬೇಗೆಯೇ ಸೂಕ್ಷ್ಮಜೀವಿಯ ಮೈಯನ್ನು ಅಳಿಸುವಂಥದು. ಅಂಥ ಶಿಲೆಯಲ್ಲಿ ಜೀವಿಯ ಇಂಗಾಲ ಉಳಿದರೂ ಬರೀ ಗ್ರಾಫೈಟ್ ಚೂರಾಗಿ ಉಳಿಯುತ್ತದೆ.

ಆ ಗ್ರಾಫೈಟ್‌ನಿಂದ ಏನಾದರೂ ತಿಳಿದೀತೆ? ಸ್ವಲ್ಪ ತಿಳಿಯುತ್ತದೆ. ಇಂಗಾಲಕ್ಕೆ ಎರಡು ಸ್ಥಿರ ಸಮಸ್ಥಾನಿಗಳಿವೆ, ಇಂಗಾಲ-12 ಮತ್ತು ಇಂಗಾಲ-13. ಜೀವಿಗಳ ಕಿಣ್ವಗಳು ಹಗುರವಾದ 12ನ್ನು ಹೆಚ್ಚಾಗಿ ಹಿಡಿಯುತ್ತವೆ. ಹಾಗಾಗಿ ಸಸ್ಯ ಮತ್ತು ಸೂಕ್ಷ್ಮಜೀವಿಗಳ ಇಂಗಾಲದಲ್ಲಿ 13ರ ಪ್ರಮಾಣ ಸುಣ್ಣಕಲ್ಲಿನಲ್ಲಿರುವುದಕ್ಕಿಂತ ಸಾವಿರಕ್ಕೆ 20ರಿಂದ 30ರಷ್ಟು ಕಡಿಮೆ. ಹಳೆಯ ಗ್ರಾಫೈಟ್‌ನಲ್ಲಿ ಈ ಕೊರತೆ ಕಂಡರೆ ಜೀವದ ಗುರುತೆಂದು ಅನುಮಾನಿಸಬಹುದು. ಅನುಮಾನಿಸಬಹುದು ಅಷ್ಟೆ, ಬಿಸಿನೀರಿನ ಬುಗ್ಗೆಗಳಲ್ಲಿ ಜೀವವಿಲ್ಲದೆಯೂ ನಡೆಯುವ ಕೆಲವು ಕ್ರಿಯೆಗಳು ಇದೇ ಕೊರತೆಯನ್ನು ಉಂಟುಮಾಡಬಲ್ಲವು. ಮತ್ತೆ ಜರೀಗಿಡದ ಕತೆಯೇ.

ಕರ್ನಾಟಕದಲ್ಲಿ ಇಷ್ಟು ಬೇಯದ ಶಿಲೆಗಳೂ ಇವೆ. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಶಿಲೆಯಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪೊರೆ ಹರಡುತ್ತದೆ, ಅದರ ಮೇಲೆ ಕೆಸರು ಕೂರುತ್ತದೆ, ಬೆಳಕಿಗಾಗಿ ಜೀವಿಗಳು ಕೆಸರನ್ನು ದಾಟಿ ಮೇಲೆ ಮತ್ತೊಂದು ಪೊರೆ ಹಾಸುತ್ತವೆ. ಸಾವಿರಾರು ವರ್ಷ ಹೀಗೆ ನಡೆದರೆ ಈರುಳ್ಳಿಯ ಹೋಳಿನಂತೆ ಪದರ ಪದರವಾದ ಗುಮ್ಮಟ ಸಿದ್ಧ. 260 ಕೋಟಿ ವರ್ಷಗಳಿಗೂ ಹಳೆಯವಾದ ಇವು ನಮ್ಮ ರಾಜ್ಯದಲ್ಲಿ ಬರಿಗಣ್ಣಿಗೆ ಕಾಣುವ ಅತಿ ಪ್ರಾಚೀನ ಜೀವದ ಗುರುತುಗಳ ಸಾಲಿಗೆ ಸೇರುತ್ತವೆ. ಸಂಡೂರು ಪಟ್ಟಿಯ ದೋಣಿಮಲೈ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳ ಪಳೆಯುಳಿಕೆ ಇವೆಯೆಂದು 1990ರಲ್ಲಿ ವರದಿಯಾಯಿತು. ಅಲ್ಲಿನ ಕಬ್ಬಿಣದ ಅದಿರಿನ ಪದರಗಳೇ ಒಂದು ಸೂಚನೆ. ಆಮ್ಲಜನಕವಿಲ್ಲದ ಕಡಲಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳ ಸೇರಿದ್ದರಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿತ್ತೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ದೇವದುರ್ಗದಿಂದ ಉತ್ತರಕ್ಕೆ ಹೂವಿನಹೆಡಗಿಯ ಬಳಿ ಕೃಷ್ಣೆಯನ್ನು ದಾಟಿ ಶಹಾಪುರದ ಕಡೆ ಸಾಗಿದರೆ ಕಣಶಿಲೆ ಮುಗಿದು ಭೀಮಾ ದ್ರೋಣಿಯ ಸುಣ್ಣಕಲ್ಲು ಶುರುವಾಗುತ್ತದೆ. ಹುಡುಗನ ಹಾಸುಗಲ್ಲು ಇದೇ ದ್ರೋಣಿಯದು. ಹಟ್ಟಿಯ ಶಿಲೆಗಿಂತ ನೂರು ಕೋಟಿಗೂ ಹೆಚ್ಚು ವರ್ಷ ಕಿರಿಯವಾದ ಈ ಜಲಜ ಶಿಲೆಗಳು ಹೆಚ್ಚು ಬೇಯಲಿಲ್ಲ. ಇಲ್ಲಿನ ಹಲಕಲ್ ಜೇಡಿಶಿಲೆಯಲ್ಲಿ ಚುವಾರಿಯ ಎಂಬ ನಿಜವಾದ ಪಳೆಯುಳಿಕೆ ದೊರೆತಿದೆ: ಕೆಲವೇ ಮಿಲಿಮೀಟರ್ ಅಗಲದ, ಕಪ್ಪು ಬಟ್ಟಿನಂತಿರುವ ಇಂಗಾಲದ ಗುಂಡು ಗುರುತು. ನೋಡಲು ಜರೀಗಿಡದ ಮುಂದೆ ಏನೂ ಅಲ್ಲ. ಅಂದವಾಗಿ ಕವಲೊಡೆದದ್ದು ಖನಿಜ, ಮಸಿಯ ಚುಕ್ಕೆಯಂತಿರುವುದು ಜೀವಿ!

ಮೊದಲ ಜೀವ ಇವೆಲ್ಲಕ್ಕಿಂತ ಬಹಳ ಹಿಂದಿನದು. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸುಮಾರು 348 ಕೋಟಿ ವರ್ಷಗಳ ಸ್ಟ್ರೊಮಾಟೊಲೈಟ್‌ಗಳಿವೆ. ಇವನ್ನು ಹೆಚ್ಚಿನವರು ಒಪ್ಪುತ್ತಾರೆ. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷ ಹಳೆಯವು ಸಿಕ್ಕವೆಂದು 2016ರಲ್ಲಿ ಪ್ರಕಟವಾಯಿತು. 2018ರಲ್ಲಿ ಮತ್ತೊಂದು ತಂಡ ಅದೇ ಕಲ್ಲನ್ನು ಬೇರೆ ಮಗ್ಗುಲಿಂದ ಕತ್ತರಿಸಿ ನೋಡಿ, ಅವು ಗುಮ್ಮಟಗಳಲ್ಲ, ಒತ್ತಡದಿಂದ ಮಡಿಸಿದ ಶಿಲೆಯ ಏಣುಗಳು ಎಂದಿತು. ದೇವದುರ್ಗದ ಹುಡುಗ ಮಾಡಿದ ತಪ್ಪನ್ನು ಮಾಡುವ ಅಪಾಯ ಹೆಸರಾಂತ ವಿಜ್ಞಾನಿಗಳಿಗೂ ತಪ್ಪಿದ್ದಲ್ಲ. 400 ಕೋಟಿ ವರ್ಷಗಳಿಗಿಂತ ಹಿಂದಿನ ಶಿಲೆಯಂತೂ ಭೂಮಿಯಲ್ಲಿ ಹೆಚ್ಚುಕಡಿಮೆ ಉಳಿದೇ ಇಲ್ಲ. ಕರಗಿತು, ಬೆಂದಿತು, ಇಲ್ಲವೇ ಒಳಗೆ ಇಳಿದುಹೋಯಿತು. ಜೀವ ಹುಟ್ಟಿದ ಕಾಲದ ಪುಟಗಳೇ ಹರಿದುಹೋಗಿವೆ.

ಆದ್ದರಿಂದ ವಿಜ್ಞಾನ ಬೇರೆ ದಾರಿಗಳನ್ನು ಹಿಡಿಯಿತು. 1924ರಲ್ಲಿ ರಷ್ಯದ ಒಪಾರಿನ್, 1929ರಲ್ಲಿ ಬ್ರಿಟನ್ನಿನ ಹಾಲ್ಡೇನ್, ಆಮ್ಲಜನಕವಿಲ್ಲದ ಆದಿ ವಾತಾವರಣದಲ್ಲಿ ಜೈವಿಕ ಅಣುಗಳು ತಾವಾಗಿ ಕೂಡಿಬಂದಿರಬಹುದೆಂದು ಬೇರೆ ಬೇರೆಯಾಗಿ ಯೋಚಿಸಿದರು. (ಹಾಲ್ಡೇನ್ ಮುಂದೆ ಭಾರತಕ್ಕೆ ಬಂದು, ಇಲ್ಲಿನ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯ, ಹೈಡ್ರೋಜನ್ ಮತ್ತು ನೀರಾವಿಯ ಮೂಲಕ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದದ್ದು ಪಠ್ಯಪುಸ್ತಕದಲ್ಲೇ ಇದೆ. ಅಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಮಾತೆಂದರೆ, ಆದಿ ವಾತಾವರಣ ಮಿಲ್ಲರ್ ಎಣಿಸಿದಷ್ಟು ಹೈಡ್ರೋಜನ್‌ಭರಿತವಾಗಿರಲಿಲ್ಲ, ಇಂಗಾಲದ ಡೈ ಆಕ್ಸೈಡ್ ಮತ್ತು ಸಾರಜನಕವೇ ಹೆಚ್ಚಾಗಿದ್ದವು ಎಂಬುದು ಈಗಿನ ತಿಳಿವಳಿಕೆ.

ಅಮೈನೋ ಆಮ್ಲ ಸಿಕ್ಕಿದ ಮಾತ್ರಕ್ಕೆ ಪ್ರೋಟೀನ್ ಆಗುವುದಿಲ್ಲ. ಎರಡು ಅಮೈನೋ ಆಮ್ಲಗಳು ಕೂಡುವಾಗ ಒಂದು ನೀರಿನ ಅಣು ಹೊರಹೋಗಬೇಕು. ಸುತ್ತ ನೀರೇ ತುಂಬಿದ್ದರೆ ಕ್ರಿಯೆ ಹಿಂದಕ್ಕೇ ಓಡುತ್ತದೆ. ಇದಕ್ಕೆ ಒಂದು ಪರಿಹಾರವನ್ನು ಮಾನ್ವಿಯ ರೈತರು ಬೇಸಿಗೆಯಲ್ಲಿ ತಮ್ಮ ಹೊಲದಲ್ಲೇ ನೋಡಬಹುದು. ಕಾಲುವೆ ನೀರು ನಿಂತು ಬಸಿಯದ ಗದ್ದೆಯಲ್ಲಿ ಬಿಸಿಲಿಗೆ ನೀರು ಆರಿದಂತೆ ಕರಗಿದ್ದ ಲವಣಗಳು ಒತ್ತೊತ್ತಾಗಿ ಬಿಳಿ ಸವಳಾಗಿ ಮೇಲೇಳುತ್ತವೆ. ಮತ್ತೆ ನೀರು ಬಿಟ್ಟಾಗ ಕರಗುತ್ತವೆ. ಆದಿಭೂಮಿಯ ಕೊಳಗಳಲ್ಲಿಯೂ ಹೀಗೆ ಒದ್ದೆ-ಒಣಗು ಚಕ್ರ ನಡೆದು, ಒಣಗುವಾಗ ಅಣುಗಳು ಒಂದನ್ನೊಂದು ಒತ್ತಿ ಸರಪಳಿಯಾಗಿ, ಒದ್ದೆಯಾದಾಗ ಹರಡಿ ಹೊಸ ಜೊತೆ ಹುಡುಕಿರಬೇಕೆಂದು ಕೆಲವರು ವಾದಿಸುತ್ತಾರೆ. ಪ್ರಯೋಗಾಲಯದಲ್ಲಿ ಇಂಥ ಚಕ್ರಗಳಿಂದ ಸಣ್ಣ ಸರಪಳಿಗಳು ಆಗುತ್ತವೆ. ಬೇಸಾಯಗಾರನ ಶತ್ರುವಾದ ಸವಳು ಜೀವರಸಾಯನಕ್ಕೆ ನೆರವಾಗಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಸಾಕ್ಷಿ ನಮ್ಮ ಜೀವಕೋಶಗಳಲ್ಲೇ ಇದೆ. ಪ್ರೋಟೀನ್ ಕಟ್ಟುವ ರೈಬೋಸೋಮಿನ ರಚನೆಯನ್ನು ಬಿಡಿಸಿದ್ದಕ್ಕೆ 2009ರಲ್ಲಿ ವೆಂಕಟ್ರಾಮನ್ ರಾಮಕೃಷ್ಣನ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಅಮೈನೋ ಆಮ್ಲಗಳನ್ನು ಬೆಸೆಯುವ ಆ ಯಂತ್ರದ ಎದೆಯಲ್ಲಿ ಇರುವುದು ಪ್ರೋಟೀನ್ ಅಲ್ಲ, ಆರ್‌ಎನ್‌ಎ. ಪ್ರೋಟೀನ್‌ಗಿಂತ ಮೊದಲು ಆರ್‌ಎನ್‌ಎಯೇ ಮಾಹಿತಿಯನ್ನೂ ಹೊತ್ತು ಕಿಣ್ವದ ಕೆಲಸವನ್ನೂ ಮಾಡುತ್ತಿದ್ದ ಕಾಲವೊಂದಿತ್ತು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇರೆ ಕಡಿಮೆ.

ಮೂರನೆಯ ದಾರಿ ಆಕಾಶದ್ದು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೋ ಆಮ್ಲಗಳಿದ್ದವು. ಅದೇ ಬಗೆಯ ಇಂಗಾಲಯುಕ್ತ ಉಲ್ಕೆಯೊಂದು 2017ರ ಜೂನ್‌ನಲ್ಲಿ ಜೈಪುರದ ಬಳಿಯ ಮುಕುಂದಪುರದಲ್ಲಿ ಬಿತ್ತು. ನೆಲಕ್ಕೆ ಬಿದ್ದ ಉಲ್ಕೆಗೆ ಇಲ್ಲಿನ ಮಣ್ಣು ತಾಗುತ್ತದೆಂಬ ಅನುಮಾನ ಇದ್ದೇ ಇರುತ್ತದೆ. ಹಾಗಾಗಿ ಬೆನ್ನು ಎಂಬ ಕ್ಷುದ್ರಗ್ರಹದಿಂದಲೇ ಮಾದರಿ ಎತ್ತಿ, 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದ ಡಬ್ಬಿಯಲ್ಲಿ ಭೂಮಿಗೆ ತರಲಾಯಿತು. 121.6 ಗ್ರಾಂ ತೂಗಿದ ಆ ಪುಡಿಯಲ್ಲಿ, ಪ್ರೋಟೀನ್‌ಗಳಿಗೆ ಬೇಕಾದ 20 ಅಮೈನೋ ಆಮ್ಲಗಳಲ್ಲಿ 14, ಡಿಎನ್‌ಎ-ಆರ್‌ಎನ್‌ಎಗಳ ಐದೂ ಪ್ರತ್ಯಾಮ್ಲಗಳು ಇವೆಯೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಜೊತೆಗೆ ಉಪ್ಪುನೀರು ಆರಿ ಉಳಿದ ಸೋಡಿಯಂ ಕಾರ್ಬೊನೇಟಿನಂಥ ಲವಣಗಳೂ ಇದ್ದವು. ಮಾನ್ವಿಯ ಹೊಲದಂತೆ ಅಲ್ಲಿಯೂ ಸವಳು!

ಬೆನ್ನುವಿನಲ್ಲಿ ಜೀವ ಇತ್ತೆ? ಇಲ್ಲ. ಅದು ತಿಳಿಯುವ ಬಗೆ ಗಮನಿಸತಕ್ಕದ್ದು. ಹೆಚ್ಚಿನ ಅಮೈನೋ ಆಮ್ಲಗಳು ಎಡಗೈ ಬಲಗೈಗಳಂತೆ ಎರಡು ರೂಪಗಳಲ್ಲಿರುತ್ತವೆ. ಜೀವಿಗಳು ಪ್ರೋಟೀನ್ ಕಟ್ಟಲು ಎಡರೂಪವನ್ನೇ ಆರಿಸುತ್ತವೆ. ಬೆನ್ನುವಿನಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಸಾಮಗ್ರಿ ಇತ್ತು, ಆಯ್ಕೆ ನಡೆದಿರಲಿಲ್ಲ.

ನಮಗೆ ಹತ್ತಿರದ ಹೈದರಾಬಾದಿನಿಂದಲೂ ಇಂಥ ಹುಡುಕಾಟ ನಡೆದಿದೆ. 2005ರ ಏಪ್ರಿಲ್‌ನಲ್ಲಿ ಅಲ್ಲಿಂದ ಹಾರಿಬಿಟ್ಟ ಬಲೂನು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದಿತು. ಅದರಲ್ಲಿ ಮೂರು ಹೊಸ ಬ್ಯಾಕ್ಟೀರಿಯ ಪ್ರಭೇದಗಳಿವೆ ಎಂದು 2009ರಲ್ಲಿ ಇಸ್ರೋ ತಿಳಿಸಿತು. ಒಂದಕ್ಕೆ ಆರ್ಯಭಟನ ಹೆಸರು, ಒಂದಕ್ಕೆ ಇಸ್ರೋ ಹೆಸರು, ಮತ್ತೊಂದಕ್ಕೆ ಖಗೋಳವಿಜ್ಞಾನಿ ಹಾಯ್ಲ್ ಹೆಸರು. ಕೆಲವರು ಅನ್ಯಲೋಕದ ಜೀವಿ ಸಿಕ್ಕಿತೆಂದು ಸಂಭ್ರಮಿಸಿದರು. ಇಸ್ರೋ ಮಾತ್ರ ಇದರಿಂದ ಹೊರಗಿನ ಮೂಲ ಸಿದ್ಧವಾಗದು ಎಂದು ಸ್ಪಷ್ಟವಾಗಿಯೇ ಹೇಳಿತ್ತು. ಆರ್ಯಭಟನ ಹೆಸರಿನ ಅದೇ ಬ್ಯಾಕ್ಟೀರಿಯ ಮುಂದೆ ಸೋಯಾ ಗಿಡದ ಬೇರಿನ ಮಣ್ಣಿನಲ್ಲಿಯೂ ಸಿಕ್ಕಿತು.

ಹರಿದುಹೋದ ಪುಟಗಳು ಸಿಗಬಹುದಾದ ಜಾಗ ಮಂಗಳ. ಅಲ್ಲಿ ನಮ್ಮಲ್ಲಿಯಂತೆ ನೆಲದ ಫಲಕಗಳು ಒಂದರಡಿ ಒಂದು ಇಳಿದು ಕರಗಲಿಲ್ಲ. 350 ಕೋಟಿ ವರ್ಷ ಹಿಂದಿನ ಕೆಸರುಶಿಲೆ ಹಟ್ಟಿಯ ಶಿಲೆಯಂತೆ ಬೇಯದೆ ಬಿದ್ದಿದೆ. 2024ರಲ್ಲಿ ಪರ್ಸಿವಿಯರೆನ್ಸ್ ರೋವರ್ ಜೆಜಿರೊ ಕುಳಿಯ ಹಳೆಯ ನದಿಪಾತ್ರದಲ್ಲಿ ಚಿರತೆಯ ಮೈಯಂಥ ಚುಕ್ಕೆಗಳಿದ್ದ ಶಿಲೆಯೊಂದನ್ನು ಕಂಡಿತು. ಚುಕ್ಕೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಕಬ್ಬಿಣದ ಸಲ್ಫೈಡ್ ಖನಿಜಗಳಿವೆ, ಜೊತೆಗೆ ಜೈವಿಕ ಇಂಗಾಲದ ಸುಳಿವು. ಭೂಮಿಯ ಕೆಸರಿನಲ್ಲಿ ಇಂಥ ಜೋಡಿಯನ್ನು ಸೂಕ್ಷ್ಮಜೀವಿಗಳು ಉಂಟುಮಾಡುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವರದಿ ಇದನ್ನು 'ಸಂಭಾವ್ಯ ಜೀವಕುರುಹು' ಎಂದಷ್ಟೇ ಕರೆದಿದೆ, ಏಕೆಂದರೆ ಜೀವವಿಲ್ಲದ ರಸಾಯನಕ್ರಿಯೆಯನ್ನು ಇನ್ನೂ ತಳ್ಳಿಹಾಕಲಾಗಿಲ್ಲ. ಆ ಶಿಲೆಯಿಂದ ಕೊರೆದ ಮಾದರಿ ಲೋಹದ ಕೊಳವೆಯಲ್ಲಿ ಭದ್ರವಾಗಿ ಮಂಗಳದಲ್ಲೇ ಇದೆ.

ಆ ದಿನ ದೇವದುರ್ಗದಲ್ಲಿ ಪೆರಾಕ್ಸೈಡ್ ಬಾಟಲಿ ಪ್ರಯೋಗಾಲಯದ ಬೀರುವಿನಲ್ಲೇ ಸಿಕ್ಕಿತು. ಹುಡುಗ ತಾನೇ ತೊಟ್ಟು ಹಾಕಿದ. ಗುಳ್ಳೆ ಎದ್ದಿತು. ಕಲ್ಲನ್ನು ಒಯ್ದು ಮನೆಯಲ್ಲಿಡುವ ಬದಲು ಶಾಲೆಗೇ ಕೊಡುವಂತೆ ಅವನ ಶಿಕ್ಷಕರು ಕೇಳಿದರು. ಅದಕ್ಕೆ ಅಂಟಿಸುವ ಚೀಟಿಯಲ್ಲಿ ಏನು ಬರೆಯಬೇಕೆಂದು ತರಗತಿ ಹತ್ತು ನಿಮಿಷ ಚರ್ಚಿಸಿತು. ಕೊನೆಗೆ ಬರೆದದ್ದು ಹೀಗೆ: "ಶಹಾಬಾದ್ ಕಲ್ಲು. ಮ್ಯಾಂಗನೀಸ್ ಆಕ್ಸೈಡು. ಗಿಡದಂತೆ ಕಾಣುತ್ತದೆ."